ಪದಚರ್ಚೆ: ಮೈಕಿಗೆ ‘ಗಾಳಿ ಬಡಿದರೆ’ ಏನೆನ್ನೋಣ? ಅದರ ಹೊದಿಕೆಗೆ ಏನೆನ್ನೋಣ?

ಎಲ್ಲರಿಗೂ ನಮಸ್ಕಾರ. ಬೀದರಿನಿಂದ ಬರೆಯುತ್ತಿದ್ದೇನೆ. ಎರಡು ಪದ ಬೇಕಾಗಿವೆ. ಒಂದು ಸದ್ದಿಗೆ, ಇನ್ನೊಂದು ಹೊದಿಕೆಗೆ.

ಹೊಲದಲ್ಲಿ ಹೆಂಗಸರು ಹಾಡುವ ಹಾಡುಗಳನ್ನು ರೆಕಾರ್ಡ್ ಮಾಡುವ ಹುಚ್ಚು ನನಗೆ. ಹೋದ ಆಷಾಢದಲ್ಲಿ ಅಷ್ಟೂರಿನ ಕಡೆ ಹೋಗಿದ್ದೆ. ಬಹಮನಿ ಸುಲ್ತಾನರ ಗುಮ್ಮಟಗಳ ಸುತ್ತ ಬರೀ ಬಯಲು, ಗಾಳಿಗೆ ಅಡ್ಡ ಏನೂ ಇಲ್ಲ. ಉದ್ದಿನ ಹೊಲದಲ್ಲಿ ಕಳೆ ತೆಗೆಯುತ್ತಾ ಹಾಡುತ್ತಿದ್ದರು. ನನ್ನ ಶಾಟ್‌ಗನ್ ಮೈಕಿನ (ಎದುರಿನ ಸದ್ದನ್ನೇ ಹೆಚ್ಚಾಗಿ ಹಿಡಿಯುವ ಉದ್ದನೆಯ ಮೈಕು) ಮೇಲೆ ಸ್ಪಂಜಿನ ಟೊಪ್ಪಿಗೆ ಒಂದೇ ಇತ್ತು. ಹೆಡ್‌ಫೋನಿನಲ್ಲಿ ಹಾಡಿಗಿಂತ ಜಾಸ್ತಿ ಕೇಳಿದ್ದು ಭರ್ರ್, ಧಬಧಬ. ಹಾಡುತ್ತಿದ್ದ ಆಯಿಗೆ ಹೆಡ್‌ಫೋನ್ ಹಾಕಿ ಕೇಳಿಸಿದೆ. ಸ್ವಲ್ಪ ಹೊತ್ತು ಕೇಳಿ ಕಿತ್ತು ಕೈಗೆ ಕೊಟ್ಟರು. “ಏ ತಮ್ಮಾ, ನಿನ್ ಮೈಕಿಗ ಗಾಳಿ ಬಡದದ. ಯಾರಿಗರ ತೋರಸು” ಅಂದರು. ಅಲ್ಲಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು.

ನಮ್ಮ ಕಡೆ ಗಾಳಿ ಬಡಿಯಿತು ಅಂದರೆ ದೆವ್ವ ಮೆಟ್ಟಿಕೊಂಡಿತು ಅಂತ. ಅಂಥವರಿಗೆ ತಾಯಿತ ಕಟ್ಟಿಸುತ್ತಾರೆ. ಆಯಿ ತಮಾಷೆಗೆ ಅಂದಿದ್ದು. ಆದರೆ ಮನೆಗೆ ಬರುವ ದಾರಿಯಲ್ಲಿ ನನಗೆ ಅನ್ನಿಸಿತು, ಇದಕ್ಕಿಂತ ಸರಿಯಾದ ಮಾತು ಇನ್ನೊಂದಿಲ್ಲ.

ಯಾಕೆ ಅಂದರೆ, ‘ಗಾಳಿ ಸದ್ದು’ ಅಂತ ನಾವು ಸುಮ್ನೆ ಬರೆಯುವುದು ಎರಡು ಬೇರೆ ಸಂಗತಿಗಳಿಗೆ. ಜೋಳದ ಗರಿ ಸರಸರ ಅನ್ನುವುದು, ಬೇವಿನ ಮರ ಬೀಸಿಗೆ ತೂಗುವುದು, ಇವು ಹೊಲದಲ್ಲೇ ಇರುವ ಸದ್ದು. ಪಕ್ಕದಲ್ಲಿ ನಿಂತವರಿಗೂ ಕೇಳುತ್ತದೆ. ಇದು ರೆಕಾರ್ಡಿಂಗಿನಲ್ಲಿ ಇದ್ದರೆ ಚೆಂದವೇ. ಆ ಧಬಧಬ ಹಾಗಲ್ಲ. ಅದು ಹೊಲದಲ್ಲಿ ಇಲ್ಲವೇ ಇಲ್ಲ, ಮೈಕಿನ ಮೈಮೇಲೆ ಹುಟ್ಟುತ್ತದೆ. ಬೈಕಿನಲ್ಲಿ ಹೋಗುವಾಗ ಕಿವಿಯಲ್ಲಿ ಮೊರೆಯುತ್ತದಲ್ಲ, ಹಾಗೆ. ಶಾಟ್‌ಗನ್ ಮೈಕಿಗೆ ಇದರ ಕಾಟ ಇನ್ನೂ ಹೆಚ್ಚು. ಅದು ಉದ್ದನೆಯ ಕೊಳವೆ, ಬದಿಯಲ್ಲಿ ಸಾಲಾಗಿ ಸೀಳುಗಳು. ಪಕ್ಕದಿಂದ ಬರುವ ಸದ್ದು ಆ ಸೀಳುಗಳಲ್ಲಿ ಹಿಂದುಮುಂದಾಗಿ ಒಳಗೆ ಬಂದು ತನ್ನನ್ನು ತಾನೇ ಕಡಿಮೆ ಮಾಡಿಕೊಳ್ಳುತ್ತದೆ. ಎದುರಿನದು ಮಾತ್ರ ಗಟ್ಟಿಯಾಗಿ ಉಳಿಯುತ್ತದೆ. ಗಾಳಿಗೆ ಈ ಲೆಕ್ಕ ಗೊತ್ತಿಲ್ಲ. ಕೊಳವೆಗೆ ತಾಗಿ ಸುಳಿ ಸುಳಿಯಾಗಿ, ಒಳಗಿನ ತೆಳು ಪರದೆಯನ್ನೇ ನೂಕುತ್ತದೆ. ಮೈಕಿನಲ್ಲಿ ಲೋ ಕಟ್ ಅಂತ ಒಂದು ಸ್ವಿಚ್ ಇರುತ್ತದೆ, ಸಾಮಾನ್ಯವಾಗಿ 80 ಹರ್ಟ್ಜ್ ಆಸುಪಾಸಿನ ಕೆಳಗಿನ ಮಂದ್ರ ಸದ್ದನ್ನು ತಗ್ಗಿಸುತ್ತದೆ. ಹೆಣ್ಣುದನಿಗೆ ಅದರಿಂದ ನಷ್ಟವಿಲ್ಲ, ಡೊಳ್ಳಿಗೆ ಇದೆ. ಆದರೆ ಹೊಡೆತಕ್ಕೆ ಸದ್ದು ಒಮ್ಮೆ ಒಡೆದುಹೋಯಿತು ಅಂದರೆ ಆಮೇಲೆ ಮನೆಯಲ್ಲಿ ಕೂತು ಏನು ಮಾಡಿದರೂ ಅಷ್ಟೇ.

ಹಾಗಾಗಿ ಮೊದಲನೆಯದು ‘ಗಾಳಿ ಸದ್ದು’, ಎರಡನೆಯದು ‘ಗಾಳಿ ಬಡಿತ’. ದೆವ್ವದ ಅರ್ಥ ಅಡ್ಡ ಬರುತ್ತದೆಯೇ? ನನಗೆ ಅದು ಬಂದರೇ ಖುಷಿ. ಒಮ್ಮೆ ಕೇಳಿದವರು ಮರೆಯುವುದಿಲ್ಲ.

ಇನ್ನು ಹೊದಿಕೆ. ಇಲ್ಲಿ ನಾನು ನಿಜವಾಗಲೂ ಸಿಕ್ಕಿಬಿದ್ದಿದ್ದೇನೆ. ಉದ್ದ ಕೂದಲಿನ ತುಪ್ಪಳದ ಚೀಲವನ್ನು ಇಂಗ್ಲಿಷಿನವರು ‘ಡೆಡ್ ಕ್ಯಾಟ್’ ಅನ್ನುತ್ತಾರೆ, ಅಂದರೆ ಸತ್ತ ಬೆಕ್ಕು. ಹಾಡಲು ಕೂತ ಆಯಿಯ ಮುಂದೆ ಸತ್ತ ಬೆಕ್ಕು ಹಿಡಿಯುತ್ತೇನೆ ಅಂದರೆ ಎದ್ದು ಹೋಗುತ್ತಾರೆ. ‘ಗಾಳಿತಡೆ’ ಅಂತ ಒಬ್ಬರು ಹೇಳಿದರು. ಅದು ಹೊಲದ ಬದುವಿಗೆ ನೆಡುವ ಮರಗಳ ಸಾಲಿಗೆ ಆಗಲೇ ಇರುವ ಮಾತು. ಅದೂ ಅಲ್ಲದೆ ಇದು ತಡೆಯುವ ವಸ್ತುವೇ ಅಲ್ಲ. ತಡೆಯುವುದೇ ಕೆಲಸವಾಗಿದ್ದರೆ ಗೋಡೆ ಸಾಕು, ಹಾಡೂ ನಿಂತುಹೋಗುತ್ತದೆ. ನಾನು ಒಮ್ಮೆ ಅಲ್ಲೇ ಇದ್ದ ಕಂಬಳಿಯನ್ನು ಮೈಕಿಗೆ ಸುತ್ತಿ ನೋಡಿದೆ. ಬಡಿತ ಇಳಿಯಿತು, ಜೊತೆಗೆ ದನಿಯೂ ಹಗೇವಿನೊಳಗಿಂದ ಬಂದ ಹಾಗಾಯಿತು. ದಟ್ಟ ನೇಯ್ಗೆ ಮೇಲಿನ ಸ್ವರಗಳನ್ನು ನುಂಗಿತು. ತುಪ್ಪಳದ ಕೆಲಸ ಬೇರೆ. ಕೂದಲು ಕೂದಲಿಗೂ ಗಾಳಿ ಸಿಕ್ಕಿ, ವೇಗ ಕಳೆದುಕೊಂಡು ಸುಸ್ತಾಗುತ್ತದೆ. ಸದ್ದು ಹಾದುಹೋಗುತ್ತದೆ. ಮಳೆಗೆ ನೆನೆದು ಕೂದಲು ಅಂಟಿಕೊಂಡರೆ ಉಪಯೋಗ ಕಡಿಮೆ, ಒಣಗಿಸಿ ಬಾಚಬೇಕು. ಹೌದು, ನನ್ನ ಚೀಲದಲ್ಲಿ ಮೈಕಿಗೇ ಒಂದು ಬಾಚಣಿಗೆ ಇದೆ.

‘ಗಲೀಫ’ ಅನ್ನಬಹುದೇ ಅಂತಲೂ ಯೋಚಿಸಿದೆ. ಆದರೆ ಇಲ್ಲಿ ಗಲೀಫ ಅಂದರೆ ದರ್ಗಾದ ಗೋರಿಗೆ ಹೊದಿಸುವ ಬಟ್ಟೆ ಕಣ್ಣಿಗೆ ಬರುತ್ತದೆ. ಅಷ್ಟೂರಿನಲ್ಲಂತೂ ಬೇಡವೇ ಬೇಡ. ‘ಗವಸು’ ಪರವಾಗಿಲ್ಲ, ವೀಣೆಗೆ ಹಾಕುತ್ತೇವೆ. ಆದರೆ ಗವಸು ವಸ್ತುವನ್ನು ಎತ್ತಿಡುವಾಗ ಹಾಕುವುದು, ಬಳಸುವಾಗ ತೆಗೆಯುವುದು. ಇದು ತಿರುವುಮುರುವು.

ನನ್ನ ಮನಸ್ಸು ‘ಕುಂಚಿಗೆ’ಯ ಕಡೆ ವಾಲಿದೆ. ಕೂಸಿಗೆ ತಲೆಯಿಂದ ಬೆನ್ನಿನವರೆಗೆ ಇಳಿಬಿಡುವ ಹೊದಿಕೆ. ಮನೆಗಳಲ್ಲಿ ಕುಂಚಗಿ ಅನ್ನುತ್ತಾರೆ. ಹಾಕುವುದೇ ಗಾಳಿಗೆ ಹೋಗುವಾಗ, ಹಾಕಿದರೂ ಕೂಸಿಗೆ ಮಾತು ಕೇಳುತ್ತದೆ. ಸ್ಪಂಜಿನದಕ್ಕೆ ‘ಟೊಪ್ಪಿಗೆ’ ಸಾಕು, ಅದು ತೀಡುಗಾಳಿಗಷ್ಟೇ. ಮೈಕನ್ನು ಒಳಗೆ ತೂಗುಹಾಕುವ ಉದ್ದನೆಯ ಜಾಲರಿ ಇದೆಯಲ್ಲ, ಬ್ಲಿಂಪ್ ಅನ್ನುತ್ತಾರೆ, ಅದಕ್ಕೆ ‘ಗೂಡು’. ಅದರೊಳಗೆ ಮೈಕಿನ ಸುತ್ತ ಗಾಳಿ ನಿಂತಿರುತ್ತದೆ, ಗುಟ್ಟು ಅದೇ. ಜೋರು ಗಾಳಿಗೆ ಗೂಡಿನ ಮೇಲೂ ಕುಂಚಿಗೆ ಹಾಕಬೇಕು.

ಈಗ ಕೇಳುವುದು ಇಷ್ಟು. ತೆಂಕಣದವರಿಗೆ ಕುಂಚಿಗೆ ಅಂದರೆ ತಿಳಿಯುತ್ತದೆಯೇ, ಅಥವಾ ಕುಲಾವಿ ಅನ್ನಬೇಕೇ? ಕುಲಾವಿ ಬರೀ ತಲೆಗೆ ಅಲ್ವಾ, ಇಲ್ಲಿ ಮೈಯೂ ಮುಚ್ಚಬೇಕು. ಯಾದಗಿರಿ, ಕಲಬುರಗಿಯ ಕಡೆ ಕುರಿ ಕಾಯುವವರು ಕಂಬಳಿಯನ್ನು ತಲೆ ಮೇಲೆ ಮಡಚಿ ಹಾಕಿಕೊಳ್ಳುವುದಕ್ಕೆ ಏನನ್ನುತ್ತಾರೆ? ಅದು ಇನ್ನೂ ಒಳ್ಳೆಯ ಪದವಾದರೆ ಕುಂಚಿಗೆಯನ್ನು ಕೂಸಿಗೇ ವಾಪಸ್ ಕೊಡುತ್ತೇನೆ.