ಮಳೆಗಾಲದಲ್ಲಿ ಬೀಟೆ ಕಪಾಟಿನ ಮೇಲೆ ಮತ್ತೆ ಮತ್ತೆ ಬಿಳಿ ಪದರ: ಮನೆಮಟ್ಟದ ಪರಿಹಾರ ತಿಳಿಸಿ

ತುಂಗಾತೀರ:
ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಆಗುಂಬೆಗೆ ಹತ್ತಿರ, ತೀರ್ಥಹಳ್ಳಿ ತಾಲ್ಲೂಕಿನಲ್ಲಿದೆ. ಅಜ್ಜನ ಕಾಲದ ಬೀಟೆ ಮರದ ಕಪಾಟು ಮತ್ತು ಕೆತ್ತನೆಯ ಕುರ್ಚಿಗಳು ಹೆಂಚಿನ ಮನೆಯಲ್ಲಿದ್ದಷ್ಟು ಕಾಲ ಚೆನ್ನಾಗಿಯೇ ಇದ್ದವು. ತಾರಸಿ ಮನೆಗೆ ತಂದ ಮೇಲೆ ಪ್ರತಿ ಮಳೆಗಾಲದಲ್ಲೂ ಅವುಗಳ ಮೇಲೆ ಬಿಳಿ ಪದರ ಕಟ್ಟುತ್ತಿದೆ. ವಿನೆಗರ್‌ಗೆ ಅಡುಗೆ ಸೋಡಾ ಬೆರೆಸಿ ಒರೆಸಿ, ಹೊಳಪಿಗೆಂದು ಕೊಬ್ಬರಿ ಎಣ್ಣೆ ಸವರುತ್ತಿದ್ದೇವೆ. ಆದರೂ ವಾರ ಕಳೆಯುವುದರೊಳಗೆ ಅದು ಮರಳಿ ಬರುತ್ತದೆ, ಕೆತ್ತನೆಯ ಸಂದುಗಳು ಅಂಟಂಟಾಗಿವೆ, ಬಾಗಿಲಿನ ಮೇಲೆ ಹಾಲು ಚೆಲ್ಲಿದಂತಹ ಕಲೆಯೊಂದು ಎಷ್ಟು ಒರೆಸಿದರೂ ಹೋಗುತ್ತಿಲ್ಲ. ಮನೆಯಲ್ಲಿ ಚಿಕ್ಕ ಮಕ್ಕಳಿರುವುದರಿಂದ ಅಂಗಡಿಯ ಸ್ಪ್ರೇಗಳು ಬೇಡವೆನಿಸಿದೆ. ಏನು ಮಾಡಬಹುದು?

ಉಳಿಬಾಚಿ:
ನಮಸ್ಕಾರ. ನಿಮ್ಮ ವಿವರಣೆಯನ್ನು ಓದಿದರೆ ಅಲ್ಲಿ ಮೂರು ಬೇರೆ ಬೇರೆ ತೊಂದರೆಗಳು ಒಂದೇ ಬಿಳಿಯ ಬಣ್ಣದಲ್ಲಿ ಕಾಣಿಸಿಕೊಳ್ಳುತ್ತಿವೆ ಎನಿಸುತ್ತದೆ. ಒಂದಕ್ಕೆ ಮಾಡುವ ಉಪಚಾರ ಇನ್ನೊಂದನ್ನು ಹೆಚ್ಚಿಸುವುದರಿಂದ, ಏನನ್ನೂ ಹಚ್ಚುವ ಮೊದಲು ಅವುಗಳನ್ನು ಬೇರ್ಪಡಿಸಿ ನೋಡಿ. ಒಣ ಬಟ್ಟೆಯಿಂದ ಒರೆಸಿದಾಗ ಪುಡಿಯಾಗಿ ಬಂದು ಮುಗ್ಗಲು ವಾಸನೆ ಹೊಡೆದರೆ ಅದು ಬೂಷ್ಟು. ಕೆತ್ತನೆಯ ಸಂದಿಯಲ್ಲಿರುವ ಬಿಳಿಯ ಮೇಲೆ ಬೆಚ್ಚಗಿನ ಹೆಬ್ಬೆರಳನ್ನು ಒತ್ತಿ ಸ್ವಲ್ಪ ಹೊತ್ತು ಹಿಡಿಯಿರಿ; ಅದು ಕರಗಿ ಪಾರದರ್ಶಕವಾದರೆ ಹೆಪ್ಪುಗಟ್ಟಿದ ಕೊಬ್ಬರಿ ಎಣ್ಣೆ, ಏಕೆಂದರೆ ಆ ಎಣ್ಣೆ ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಗಟ್ಟಿಯಾಗುತ್ತದೆ ಮತ್ತು ನಿಮ್ಮೂರಿನ ಆಷಾಢದ ರಾತ್ರಿಗಳು ಅದಕ್ಕಿಂತ ತಂಪು. ಒರೆಸಿದರೂ ಹೋಗದೆ, ಬೆರಳಿಗೆ ನುಣುಪಾಗಿಯೇ ಸಿಗುವ ಬಾಗಿಲಿನ ಕಲೆ ಪಾಲಿಶ್‌ನೊಳಗೆ ಸೇರಿಕೊಂಡ ತೇವ.

ಹಳೆಯ ಬೀಟೆ ಸಾಮಾನುಗಳಿಗೆ ಹೆಚ್ಚಾಗಿ ಅರಗನ್ನು ಸ್ಪಿರಿಟ್‌ನಲ್ಲಿ ಕರಗಿಸಿದ ಫ್ರೆಂಚ್ ಪಾಲಿಶ್ ಇರುತ್ತದೆ. ಕಪಾಟಿನ ಕಾಣದ ಮೂಲೆಯಲ್ಲಿ, ಪಾಲಿಶ್ ಇರುವ ಕಡೆ, ಒಂದು ಹನಿ ಸ್ಪಿರಿಟ್ ಇಟ್ಟು ನೋಡಿ. ಮೇಲ್ಮೈ ಅಂಟಾದರೆ ಅದು ಅರಗೇ. ಅರಗು ಕ್ಷಾರಕ್ಕೆ ಕರಗುತ್ತದೆ, ನೀರು ನಿಂತರೆ ಬೆಳ್ಳಗಾಗುತ್ತದೆ; ಆದ್ದರಿಂದ ಸೋಡಾ ನೀರನ್ನು ಇಂದೇ ನಿಲ್ಲಿಸಬೇಕೆಂದು ಕೇಳಿಕೊಳ್ಳುತ್ತೇನೆ. ವಿನೆಗರ್ ಮತ್ತು ಸೋಡಾ ಬೆರೆಸಿದಾಗ ಉಕ್ಕುವ ನೊರೆ ಬರಿಯ ಇಂಗಾಲದ ಡೈಆಕ್ಸೈಡ್. ಆಮ್ಲ ಮತ್ತು ಕ್ಷಾರ ಒಂದನ್ನೊಂದು ತಣಿಸಿದ ಮೇಲೆ ಅಲ್ಲಿ ಉಳಿಯುವುದು ಉಪ್ಪಿನಂಶದ ನೀರೇ ಹೊರತು ಶುಚಿಗೊಳಿಸುವ ಶಕ್ತಿಯಲ್ಲ.

ಎಣ್ಣೆಯ ಅಂಟನ್ನು ತೆಗೆಯಲು ಅಂಟುವಾಳ ಸಾಕು. ಎಂಟು ಹತ್ತು ಕಾಯಿಗಳ ಸಿಪ್ಪೆಯನ್ನು ಅರ್ಧ ಲೀಟರ್ ನೀರಿನಲ್ಲಿ ಕುದಿಸಿ, ಆರಿದ ಮೇಲೆ ಚೆನ್ನಾಗಿ ಕಲಕಿ, ನೀರನ್ನು ಬಿಟ್ಟು ನೊರೆಯನ್ನು ಮಾತ್ರ ಹತ್ತಿ ಬಟ್ಟೆಗೆ ತೆಗೆದುಕೊಳ್ಳಿ. ಸಂದುಗಳಿಗೆ ಹಳೆಯ ಮೆತ್ತನೆಯ ಹಲ್ಲುಜ್ಜುವ ಬ್ರಷ್ ಬಳಸಿ. ಒಂದು ಗೇಣಿನಷ್ಟು ಜಾಗವನ್ನು ಒರೆಸಿ, ಹಿಂಡಿದ ಬಟ್ಟೆಯಿಂದ ನೊರೆಯನ್ನು ತೆಗೆದು, ಕೂಡಲೇ ಒಣ ಬಟ್ಟೆಯಿಂದ ತೇವ ಹೀರಿಸಿ, ಆಮೇಲೆ ಮುಂದಿನ ಜಾಗಕ್ಕೆ ಹೋಗಿ. ಇದರ ನೊರೆ ಕಣ್ಣಿಗೆ ಬಿದ್ದರೆ ಬಹಳ ಉರಿಯುತ್ತದೆ, ಮಕ್ಕಳನ್ನು ದೂರವಿಡಿ.

ತುಂಗಾತೀರ:
ಬಹಳ ಉಪಕಾರವಾಯಿತು. ಹೆಬ್ಬೆರಳಿನಿಂದ ಒತ್ತಿ ನೋಡಿದಾಗ ಕುರ್ಚಿಯ ಬೆನ್ನಿನ ಬಿಳಿ ಕರಗಿತು. ಆದರೆ ಕಪಾಟಿನ ಕೆಳಭಾಗದ್ದು ನಿಜವಾಗಿಯೂ ಬೂಷ್ಟು. ಅದನ್ನು ಬೇರುಸಹಿತ ತೆಗೆಯುವುದು ಹೇಗೆ? ಬೇವಿನ ಎಣ್ಣೆ ಸವರಿದರೆ ತಡೆಯಬಹುದೆಂದು ನೆರೆಯವರು ಹೇಳುತ್ತಾರೆ.

ಉಳಿಬಾಚಿ:
ಬೇವಿನ ಎಣ್ಣೆಯೂ ಮರದ ಮೇಲೆ ಗಟ್ಟಿಯಾಗಿ ಒಣಗುವುದಿಲ್ಲ. ಅಂಟಾಗಿಯೇ ಉಳಿದು ಧೂಳನ್ನು ಹಿಡಿಯುತ್ತದೆ, ಆ ಧೂಳು ಬೂಷ್ಟಿಗೆ ಆಹಾರವಾಗುತ್ತದೆ. ದಯವಿಟ್ಟು ಕಪಾಟನ್ನು ಮುಂದಕ್ಕೆ ಎಳೆದು ಅದರ ಬೆನ್ನಿನ ಹಲಗೆಯನ್ನೂ ಖಾನೆಗಳ ತಳವನ್ನೂ ಒಮ್ಮೆ ನೋಡಿ. ಮುಂಭಾಗಕ್ಕೆ ಪಾಲಿಶ್ ಮಾಡಿ ಹಿಂಭಾಗವನ್ನು ಹಸಿ ಮರವಾಗಿಯೇ ಬಿಡುವುದು ನಮ್ಮ ಮರಗೆಲಸದಲ್ಲಿ ಸಾಮಾನ್ಯ. ತೇವವನ್ನು ಹೀರುವುದು ಆ ಹಿಂಭಾಗ, ಬೂಷ್ಟಿನ ತವರೂ ಅದೇ. ನೀವು ಮುಂದೆ ಎಷ್ಟು ಒರೆಸಿದರೂ ಅದು ಹಿಂದಿನಿಂದ ಹರಡುತ್ತಲೇ ಇರುತ್ತದೆ. ಮೂಗಿಗೆ ಮಾಸ್ಕ್ ಕಟ್ಟಿ, ಕಿಟಕಿ ತೆರೆದು, ಪಾಲಿಶ್ ಇಲ್ಲದ ಆ ಹಲಗೆಗಳನ್ನು ನೀರು ಬೆರೆಸದ ಬಿಳಿ ವಿನೆಗರ್‌ನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒರೆಸಿ, ಫ್ಯಾನಿನ ಗಾಳಿಯಲ್ಲಿ ಪೂರ್ತಿ ಒಣಗಿಸಿ. ಒಣ ಪೊರಕೆಯಿಂದ ಗುಡಿಸಿದರೆ ಬೀಜಕಣಗಳು ಮನೆಯೆಲ್ಲ ಹರಡುತ್ತವೆ. ಕಬ್ಬಿಣದ ನಾರನ್ನಂತೂ ವಿನೆಗರ್ ಜೊತೆ ಮುಟ್ಟಿಸಲೇಬೇಡಿ, ಮರದ ಒಗರಿನೊಂದಿಗೆ ಕಬ್ಬಿಣ ಸೇರಿ ಕಪ್ಪು ಕಲೆ ಕೂರುತ್ತದೆ.

ಆದರೆ ಮುಖ್ಯ ವಿಷಯ ಗಾಳಿ. ಹಳೆಯ ಮನೆಯಲ್ಲಿ ಹೆಂಚಿನ ಸಂದುಗಳಿಂದ ಗಾಳಿಯಾಡುತ್ತಿತ್ತು, ಅಡುಗೆ ಒಲೆ ಮತ್ತು ಬಚ್ಚಲ ಒಲೆಯ ಕಾವು ಮಳೆಗಾಲವಿಡೀ ಮನೆಯೊಳಗಿನ ತೇವವನ್ನು ಇಳಿಸುತ್ತಿತ್ತು. ವರ್ಷಕ್ಕೆ 7,000 ಮಿ.ಮೀ.ಗೂ ಹೆಚ್ಚು ಮಳೆ ಸುರಿಯುವ ಆಗುಂಬೆಯ ಸುತ್ತಿನಲ್ಲಿ, ತಣ್ಣನೆಯ ಹೊರಗೋಡೆಗೆ ಕಪಾಟನ್ನು ಒತ್ತಿ ನಿಲ್ಲಿಸಿದರೆ ನಡುವಿನ ಗಾಳಿ ಅಲ್ಲೇ ನಿಂತು ತೇವ ಕೂಡುತ್ತದೆ. ಸಾಧ್ಯವಾದರೆ ಒಳಗೋಡೆಗೆ ಬದಲಿಸಿ, ನಾಲ್ಕು ಬೆರಳಿನಷ್ಟಾದರೂ ಅಂತರ ಬಿಟ್ಟು, ಕಾಲುಗಳ ಕೆಳಗೆ ಮರದ ತುಂಡುಗಳನ್ನು ಕೊಡಿ. ಕಪಾಟಿನ ಹಿಂದೆ ಚಿಕ್ಕ ಬಟ್ಟಲಿನಲ್ಲಿ ಒಣ ಪುಡಿ ಉಪ್ಪನ್ನು ಇಟ್ಟು ನೋಡಿ. ಗಾಳಿಯ ಸಾಪೇಕ್ಷ ಆರ್ದ್ರತೆ ಸುಮಾರು ಶೇ. 75 ದಾಟಿದಾಗ ಉಪ್ಪು ನೀರೊಡೆಯುತ್ತದೆ, ಬೂಷ್ಟು ಹುಲುಸಾಗಿ ಬೆಳೆಯುವುದೂ ಅಂತಹ ತೇವದಲ್ಲೇ. ಉಪ್ಪು ಒದ್ದೆಯಾಗುತ್ತಿದ್ದರೆ ಆ ಜಾಗಕ್ಕೆ ಇನ್ನೂ ಗಾಳಿ ಬೇಕೆಂದು ತಿಳಿಯಿರಿ.

ಅಂಗಳಜಗುಲಿ:
ಚರ್ಚೆ ಉಪಯುಕ್ತವಾಗಿದೆ. ಬಾಗಿಲಿನ ಹಾಲುಬಣ್ಣದ ಕಲೆಗೆ ಈಗಲೇ ಪಾಲಿಶ್ ಮಾಡಿಸಬಹುದೇ?

ಉಳಿಬಾಚಿ:
ಈಗ ಬೇಡ. ತೇವದ ಹವೆಯಲ್ಲಿ ಹಚ್ಚಿದ ಅರಗು ಒಣಗುವಾಗಲೇ ಬೆಳ್ಳಗಾಗುತ್ತದೆ. ಕಲೆ ಹೊಸದಾಗಿದ್ದರೆ ಹವೆ ಒಣಗಿದಂತೆ ಬಹುಪಾಲು ತಾನಾಗಿಯೇ ತಿಳಿಯಾಗುತ್ತದೆ. ಅಂಗಳದಲ್ಲಿ ಅಡಿಕೆ ಒಣಗಿಸುವ ದಿನಗಳವರೆಗೆ ಕಾದು, ಒಂದು ಲೀಟರ್ ಸ್ಪಿರಿಟ್‌ಗೆ ಸುಮಾರು 120 ಗ್ರಾಂ ಅರಗಿನ ಚಕ್ಕೆಯನ್ನು ಗಾಜಿನ ಬಾಟಲಿಯಲ್ಲಿ ರಾತ್ರಿಯಿಡೀ ನೆನೆಸಿ ಕರಗಿಸಿ, ಸೋಸಿ, ಕಪಾಟಿನ ಬೆನ್ನಿಗೂ ಖಾನೆಗಳ ತಳಕ್ಕೂ ಎರಡು ತೆಳು ಪದರ ಹಚ್ಚಿ. ಅರಗು ಕೀಟಗಳಿಂದ ಬರುವ ಸಹಜ ರಾಳ, ಗಾಳಿಯ ತೇವವನ್ನು ಚೆನ್ನಾಗಿ ತಡೆಯುತ್ತದೆ. ಸ್ಪಿರಿಟ್ ಮಾತ್ರ ಕುಡಿದರೆ ವಿಷ, ಬೆಂಕಿಗೆ ತಟ್ಟನೆ ಹೊತ್ತಿಕೊಳ್ಳುತ್ತದೆ. ಒಲೆ, ದೀಪಗಳಿಂದ ದೂರದ ಜಗುಲಿಯಲ್ಲಿ ಕೆಲಸ ಮಾಡಿ, ಬಾಟಲಿಯನ್ನು ಮಕ್ಕಳ ಕೈಗೆ ಎಟುಕದಂತೆ ಬೀಗದೊಳಗಿಡಿ. ಬಾಗಿಲಿನ ಕಲೆ ಆಗಲೂ ಉಳಿದಿದ್ದರೆ ಅದರ ಚಿತ್ರವನ್ನು ಇಲ್ಲಿ ಹಾಕಿ, ನೋಡಿ ಹೇಳುತ್ತೇನೆ.