ಸಹಾಯ ಬೇಕು: ಈ ಪ್ರೇಮಕವಿತೆಯಲ್ಲಿ ಮಾತಾಡುತ್ತಿರುವುದು ಯಾರು?

ನಮಸ್ಕಾರ. 1609ರಲ್ಲಿ ಅಚ್ಚಾದ ಶೇಕ್ಸ್‌ಪಿಯರ್‌ನ 130ನೇ ಸಾನೆಟ್ ಓದುತ್ತಾ ಒಂದು ಕಡೆ ಸಿಕ್ಕಿಹಾಕಿಕೊಂಡಿದ್ದೇನೆ. ನಲ್ಲೆಯ ಕಣ್ಣು ಸೂರ್ಯನಂತಿಲ್ಲ, ತುಟಿ ಹವಳದಷ್ಟು ಕೆಂಪಿಲ್ಲ, ಕೂದಲು ಕಪ್ಪು ತಂತಿ ಅಂತ 12 ಸಾಲು ಹೇಳಿ, ಕೊನೆಯ ಎರಡರಲ್ಲಿ ಅವಳು ಅಪರೂಪದವಳು ಅಂತಾನೆ. ಆಗಿನ ಕವಿಗಳ ಸವಕಲು ಹೋಲಿಕೆಗಳನ್ನು ಅಣಕಿಸುತ್ತಿದ್ದಾನೆ ಅನ್ನೋದು ಟಿಪ್ಪಣಿ ಓದಿ ತಿಳಿಯಿತು. ಉಪಮೆಗಳನ್ನೆಲ್ಲ ಪಟ್ಟಿ ಮಾಡಿದೆ, ಗಟ್ಟಿಯಾಗಿ ಓದಿಯೂ ನೋಡಿದೆ. ಆದರೆ ಅವಳ ಉಸಿರಿನ ವಾಸನೆಯ ಸಾಲು ಬಂದಾಗ ಮನಸ್ಸು ಒಪ್ಪುವುದಿಲ್ಲ. ಅಣಕ ಬೇರೆ ಕವಿಗಳಿಗೇ ಇರಬಹುದು, ಪೆಟ್ಟು ಬೀಳೋದು ಅವಳಿಗೇ ಅಲ್ವಾ? ಪದ್ಯ ಮಾತ್ರ ತುಂಬಾ ಇಷ್ಟವಾಗಿದೆ, ಸುಮ್ನೆ ಬಿಡೋಕೆ ಆಗ್ತಿಲ್ಲ. ಇಲ್ಲಿರುವ 'ನಾನು' ಕವಿಯೇನಾ, ಅವನು ಕಟ್ಟಿದ ಪಾತ್ರವಾ? ಪಾತ್ರ ಅಂತಾದರೆ, ಅದನ್ನು ಯಾವ ಸಾಲಿನಿಂದ ತೋರಿಸಬಹುದು?