ಹಳೆಯ ಕಾರಿನ ಜೋತುಬಿದ್ದ ಬಾಗಿಲು

ಪ್ರಶ್ನೆ: ನನ್ನ ಹಳೆಯ ಕಾರಿನ ಬಾಗಿಲು ಹಿಂತುದಿಯಲ್ಲಿ ಜೋತುಬಿದ್ದಿದ್ದು, ಮುಚ್ಚುವಾಗ ಪ್ರತಿಬಾರಿಯೂ ಎತ್ತಿ ಹಿಡಿಯಬೇಕಾಗಿದೆ. ಲಾಕಿನ ಸ್ಟ್ರೈಕರನ್ನು (ಬಾಗಿಲಿನ ಲಾಕ್ ಸಿಕ್ಕಿಕೊಳ್ಳುವ, ಕಾರಿನ ಚೌಕಟ್ಟಿನ ಮೇಲಿನ ಕೊಂಡಿ) ಕೆಳಗಿಳಿಸಿದರೆ ಸಾಕೇ?

ಉತ್ತರ 1: ದಯವಿಟ್ಟು ಸ್ಟ್ರೈಕರನ್ನು ಈಗಲೇ ಮುಟ್ಟಬೇಡಿ, ಅದರಿಂದ ದೋಷ ಮರೆಯಾಗುತ್ತದೆಯೇ ಹೊರತು ಸರಿಹೋಗುವುದಿಲ್ಲ. ಬಾಗಿಲನ್ನು ಅರ್ಧ ತೆರೆದು, ತುದಿಯನ್ನು ಮೇಲೆ ಕೆಳಗೆ ಅಲುಗಿಸುತ್ತಾ ಹಿಂಜ್‌ಗಳನ್ನು (ಬಾಗಿಲು ತಿರುಗುವ ಕೀಲುಗಳನ್ನು) ಗಮನಿಸಿ. ಪಿನ್ ರಂಧ್ರದೊಳಗೆ ಅಲುಗಾಡಿದರೆ ಪಿನ್ ಅಥವಾ ಬುಷ್ (ಪಿನ್ ಸುತ್ತಲಿನ ಸಣ್ಣ ಕೊಳವೆ) ಸವೆದಿದೆ ಎಂದರ್ಥ. ಹಿಂಜ್ ಪೂರ್ತಿಯಾಗಿ ಅಲುಗಿದರೆ ಬೋಲ್ಟ್ ಸಡಿಲವಾಗಿರಬಹುದು, ಇಲ್ಲವೇ ಹಿಂಜ್ ಕೂರುವ ಕಾರಿನ ಕಂಬದ ತಗಡೇ ತುಕ್ಕು ಹಿಡಿದಿರಬಹುದು. ನಿಜವಾಗಿ ಚಿಂತಿಸಬೇಕಾದದ್ದು ಈ ತುಕ್ಕಿನ ಬಗ್ಗೆ.

ಉತ್ತರ 2: ಬಿಚ್ಚುವ ಮುನ್ನ ಹಿಂಜಿನ ಅಂಚಿನ ಸುತ್ತ ಗುರುತು ಹಾಕಿ, ಬಾಗಿಲಿನ ಭಾರವನ್ನು ಬಟ್ಟೆ ಸುತ್ತಿದ ಜಾಕಿನ ಮೇಲೆ ನಿಲ್ಲಿಸಿ. ರಂಧ್ರವು ಮೊಟ್ಟೆಯಾಕಾರಕ್ಕೆ ಸವೆದಿದ್ದರೆ ರೀಮರ್‌ನಿಂದ (ರಂಧ್ರವನ್ನು ಹೆರೆದು ಹಿಗ್ಗಿಸುವ ಉಪಕರಣ) ದುಂಡಾಗಿಸಿ ದಪ್ಪ ಪಿನ್ ಹಾಕಬೇಕು.

ಪ್ರಶ್ನಿಸಿದವರು: ಮೇಲಿನ ಹಿಂಜಿನ ಪಿನ್ ಅಲುಗಾಡುತ್ತಿದೆ, ಕಂಬ ಗಟ್ಟಿಯಾಗಿದೆ. ಧನ್ಯವಾದಗಳು.